ಎಡಗಡೆಯದು, ಮುಂದಿನಿಂದ ನೋಡಿದರೆ

ಹಲಸಿನ ತೊಳೆಯ ಡಬ್ಬಿಗೆಂದು ಫ್ರೀಜರ್ ತೆರೆದರೆ ಅದರ ನೆತ್ತಿಯ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಎರಡು ಉಕ್ಕಿನ ಬಳೆಗಳು ತಣ್ಣಗೆ ಕುಳಿತಿದ್ದವು. ಚೀಲಕ್ಕೊಂದು ಚೀಟಿ: 'ತೆಗೆಯಬಾರದು. ನಾಳೆ ಬೇಕು.' ಯಾವ ನಾಳೆ ಎಂದು ಬರೆದಿರಲಿಲ್ಲ.

ನಮ್ಮವರನ್ನು ಕೇಳಿದರೆ ಪಾಠವೇ ಶುರುವಾಯಿತು. ಅವು ಇವರ ಹಳೆಯ ಕಾರಿನದು, ಚಕ್ರ ಸಲೀಸಾಗಿ ತಿರುಗಲೆಂದು ಹಾಕುವ ಬೇರಿಂಗಿನ ಹೊರಬಳೆಗಳಂತೆ. ತಣ್ಣಗಾದರೆ ಕೂದಲೆಳೆಯಷ್ಟು ಕುಗ್ಗುತ್ತವಂತೆ. ಚಕ್ರದ ನಡುವಿನ ಹಬ್ ಬಿಸಿಯಾದರೆ ಅಷ್ಟೇ ಹಿಗ್ಗುತ್ತದಂತೆ. ಆಗ ಸುತ್ತಿಗೆ ಮುಟ್ಟದೆ ಬಳೆಯನ್ನು ಬೆರಳಿನಲ್ಲೇ ಒತ್ತಿ ಕೂರಿಸಬಹುದಂತೆ. ಬಿಸಿ ಮಾಡುವುದೆಲ್ಲಿ? ಬಚ್ಚಲ ಒಲೆಯಲ್ಲಿ. ಸ್ನಾನದ ನೀರು ಕಾಯಿಸುವುದೆಲ್ಲಿ ಎಂಬ ಪ್ರಶ್ನೆಗೆ ಪಾಠದಲ್ಲಿ ಉತ್ತರವಿರಲಿಲ್ಲ.

ಕಾರಿನ ಹೆಸರು ಟ್ರಯಂಫ್ ಸ್ಪಿಟ್‌ಫೈರ್. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ ಕಾರು. ನಮ್ಮದು ಅರವತ್ತರ ದಶಕದ್ದು. ಕಾರವಾರದ ಕಡೆಯಿಂದ ಲಾರಿಯೇರಿ ದೇವಿಮನೆ ಘಟ್ಟ ಹತ್ತಿ ಬಂದಾಗ ಅದು ಕಾರಿನ ಹಾಗೆಯೇ ಇತ್ತು. ಉಪ್ಪುಗಾಳಿಯ ತುಕ್ಕು ಎಲ್ಲಿಯವರೆಗೆ ಇಳಿದಿದೆ ನೋಡುತ್ತೇನೆ ಎಂದು ಇವರು ಬಿಚ್ಚಲು ಕುಳಿತರು. ನೋಡುತ್ತ ನೋಡುತ್ತ ಕೊನೆಯ ನಟ್ಟಿನವರೆಗೂ ಹೋದರು. ಅಡಿಕೆ ಒಣಗಿಸುವ ಅಂಗಳದಲ್ಲಿ ಬರಿಯ ತಗಡಿನ ಚಿಪ್ಪು ಉಳಿಯಿತು. ಮಿಕ್ಕದ್ದೆಲ್ಲ ಡಬ್ಬಿ, ಭರಣಿ, ಗೋಣಿಚೀಲಗಳಲ್ಲಿ ಅಟ್ಟ ಸೇರಿತು. ನಟ್ಟುಗಳೂ ಇಂಚಿನ ಲೆಕ್ಕದವು. ಅರ್ಧ ಇಂಚಿನದಕ್ಕೆ ಶಿರಸಿ ಪೇಟೆಯಿಂದ ತಂದ 12 ಮಿಲಿಮೀಟರಿನ ಸ್ಪ್ಯಾನರ್ ಹತ್ತುವುದಿಲ್ಲ, 13ರದು ತುಸು ಸಡಿಲ.

ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಇವರ ಚೀಟಿಗಳು. ಬಿಚ್ಚಿದ ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟುತ್ತಾರೆ. 'ಇದು ಅದರ ಒಳಗಿನದು.' 'ಮುಖ್ಯ.' 'ಇದೂ ಮುಖ್ಯ.' 'ಇದರ ಜೊತೆಯದು ಹಿಂದಿನ ಡಬ್ಬಿಯಲ್ಲಿ.' ಹಿಂದಿನ ಡಬ್ಬಿಯನ್ನು ಅತ್ತೆ ಚೌತಿಗೆ ಅಟ್ಟ ಗುಡಿಸುವಾಗಲೇ ಮುಂದಕ್ಕೆ ಇಟ್ಟಾಗಿದೆ. ಎಡ ಬಲದ ಕಥೆ ಇನ್ನೂ ದೊಡ್ಡದು. ಕಾರಿನ ಎಡವೆಂದರೆ ಒಳಗೆ ಕುಳಿತವರ ಎಡ ಎಂಬುದು ಲೋಕದ ರೂಢಿ. ಇವರು ಬೆಳಿಗ್ಗೆ ಕಾರಿನೊಳಗೆ ಕುಳಿತು ಬರೆದ ಎಡವೇ ಬೇರೆ, ಮಧ್ಯಾಹ್ನ ಊಟ ಮುಗಿಸಿ ಬಂದು ಕಾರಿನ ಎದುರು ನಿಂತು ಬರೆದ ಎಡವೇ ಬೇರೆ. ಗೊಂದಲವಾದೀತೆಂದು ಕೆಲವಕ್ಕೆ 'ಮುಂದಿನಿಂದ ನೋಡಿದರೆ' ಎಂದು ಸೇರಿಸಿದ್ದಾರೆ. ಉಳಿದವನ್ನು ಎಲ್ಲಿಂದ ನೋಡಬೇಕೋ ದೇವರೇ ಬಲ್ಲ. ಮೇಲೆ ನಮ್ಮ ಮಳೆಗಾಲ. ಶಾಯಿ ಹಬ್ಬಿತು, ಗೆದ್ದಲು ಒಂದು ಚೀಟಿಯ 'ಎಡ'ವನ್ನಷ್ಟೇ ತಿಂದು 'ಗಡೆಯದು' ಉಳಿಸಿ ಹೋಯಿತು. ಈಗ ಸಂಜೆಯಾದರೆ ಇವರು ಬನವಾಸಿಯ ಶಾಸನ ಓದುವವರಂತೆ ಭೂತಗನ್ನಡಿ ಹಿಡಿದು ಕೂರುತ್ತಾರೆ.

ಚಿಪ್ಪಿನ ತೂತುಗಳಿಗೆಲ್ಲ ತಗಡು ಬೆಸೆದು, ಅದನ್ನು ಚಾಸಿ ಎಂಬ ಅಡಿಚೌಕಟ್ಟಿನ ಮೇಲೆ ಕೂರಿಸಿದ ನಂತರ ಬ್ರೇಕಿನ ಸರದಿ ಬಂತು. ಕೊಳವೆಯೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕು. ಸೀಟಿಲ್ಲದ ಕಾರಿನಲ್ಲಿ ಮಣೆ ಹಾಕಿಕೊಂಡು ನಾನು ಕುಳಿತೆ, ಇವರು ಚಕ್ರದ ಬದಿಯಲ್ಲಿ ಬೋರಲು ಮಲಗಿದರು. "ಒತ್ತು." ಒತ್ತಿದೆ. "ಹಿಡಿದುಕೋ." ಹಿಡಿದೆ. "ಬಿಡು." ಬಿಟ್ಟೆ. ಒತ್ತು, ಹಿಡಿ, ಬಿಡು. ಕೊಟ್ಟಿಗೆಯಲ್ಲಿ ಎಮ್ಮೆ ಕೂಗಿತು, ಒಲೆಯ ಮೇಲೆ ಹಾಲು ಉಕ್ಕಿತು, ದಾರಿಯಲ್ಲಿ ಹೋಗುತ್ತಿದ್ದವರು ದಣಪೆ ದಾಟಿ ಬಂದು "ಎತ್ತ ಹೊರಟಿರಿ ಅತ್ತಿಗೆ?" ಎಂದು ಕೇಳಿ ಹೋದರು. ಪೆಡಲ್ ಮಾತ್ರ ಬೆಣ್ಣೆ ತುಳಿದ ಹಾಗೆ ನೆಲ ಮುಟ್ಟುತ್ತಲೇ ಇತ್ತು. ನನಗೆ ಒತ್ತಲು ಬರುವುದಿಲ್ಲ ಎಂದು ತೀರ್ಮಾನವಾಯಿತು. ಅತ್ತೆಯನ್ನು ಕೂರಿಸಲಾಯಿತು. ಅವರಿಗೂ ಬರಲಿಲ್ಲ.

ಕೊನೆಗೆ ತಿಳಿದದ್ದು ಇಷ್ಟು: ಚಕ್ರವನ್ನು ತಡೆದು ಹಿಡಿಯುವ ಬ್ರೇಕಿನ ಭಾಗ, ಕ್ಯಾಲಿಪರ್, ಎಡದ್ದು ಬಲಕ್ಕೂ ಬಲದ್ದು ಎಡಕ್ಕೂ ಕುಳಿತಿತ್ತು. ಹಾಗೆ ಕೂತರೆ ಗಾಳಿ ಬಿಡುವ ನಿಪ್ಪಲ್ ಕೆಳಗಾಗುತ್ತದೆ. ಗಾಳಿಯೋ ಮೇಲೆಯೇ ಇರುವಂಥದು; ಸಂಜೆಯವರೆಗೆ ಒತ್ತಿದರೂ ಎಣ್ಣೆ ಹೊರಬರುತ್ತದೆಯೇ ಹೊರತು ಅದು ಹೊರಡುವುದಿಲ್ಲ. ಚೀಟಿಯಲ್ಲಿ 'ಎಡ' ಎಂದೇ ಇತ್ತು ಎಂದರು ಇವರು. ಹೇಗೂ ಕಳಚಿದ್ದಾಗಿದೆ, ಬೇರಿಂಗನ್ನೂ ಬದಲಿಸಿಬಿಡೋಣ ಎಂದೂ ಅಂದರು. ಫ್ರೀಜರಿಗೆ ಬಳೆ ಬಂದದ್ದು ಹೀಗೆ.

ಈ ಹುಚ್ಚು ಎಲ್ಲಿಂದ ಬಂತೆಂದು ನನಗೆ ಗೊತ್ತು, ಅದಕ್ಕೇ ಪೂರ್ತಿ ಜಗಳವಾಡಲು ಆಗುವುದಿಲ್ಲ. ಸ್ಪಿಟ್‌ಫೈರಿನ ಚಾಸಿ ಮೂಲದಲ್ಲಿ ಹೆರಾಲ್ಡ್ ಕಾರಿನದು, ಉದ್ದ ಕಡಿಮೆ ಮಾಡಿದ್ದು ಅಷ್ಟೇ. ಆ ಹೆರಾಲ್ಡ್ 1961ರಿಂದ ಮದರಾಸಿನಲ್ಲೂ ತಯಾರಾಗುತ್ತಿತ್ತು. ಇವರು ಚಿಕ್ಕವರಿದ್ದಾಗ ಊರಿಗೆ ಬರುತ್ತಿದ್ದ ಡಾಕ್ಟರ ಬಳಿ ಇದ್ದದ್ದು ಅದೇ. 25 ಅಡಿ ಜಾಗ ಸಿಕ್ಕರೆ ಪೂರ್ತಿ ಸುತ್ತು ತಿರುಗುವ ಕಾರು. ಈ ಅಂಗಳದಲ್ಲಿ ಹಿಂದೆ ಮುಂದೆ ಮಾಡದೆ ಒಂದೇ ಸಲಕ್ಕೆ ತಿರುಗಿ ನಿಲ್ಲುತ್ತಿತ್ತಂತೆ. ಅದು ಬಂದು ನಿಂತರೆ ಅಪ್ಪ ಎದ್ದು ಕೂರುತ್ತಾರೆ ಎಂಬುದು ಹುಡುಗನ ಲೆಕ್ಕ. ಒಂದು ಮಳೆಗಾಲ ಲೆಕ್ಕ ತಪ್ಪಿತು. ಇದನ್ನು ಹೇಳಿದ್ದು ಇವರಲ್ಲ, ಅತ್ತೆ.

ಅತ್ತೆಗೆ ಕಾರಿನಲ್ಲಿ ಮಾರಿಕಾಂಬೆಯ ಜಾತ್ರೆಗೆ ಹೋಗುವ ಆಸೆ. "ಮುಂದಿನ ಜಾತ್ರೆಗೆ" ಎಂದು ಇವರ ಮಾತು. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಆ ಮಾತು ಸುಲಭಕ್ಕೆ ಸುಳ್ಳಾಗುವುದೂ ಇಲ್ಲ. ಮೊನ್ನೆ ಇವರೇ ಕಾಯಿದೆ ಓದಿ ಹೇಳಿದರು: 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಿದರೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ರಿಪೇರಿ ಮತ್ತು ಪೆಟ್ರೋಲ್ ಹಾಕಿಸಲು ಮಾತ್ರ.

ಅತ್ತೆ ಬತ್ತಿ ಹೊಸೆಯುತ್ತಲೇ ಕೇಳಿಸಿಕೊಂಡರು. "ಹಾಗಾದರೆ ಜಾತ್ರೆಯ ದಿನವೇ ಪೆಟ್ರೋಲ್ ಹಾಕಿಸಿದರಾಯಿತು" ಎಂದರು. ಆಮೇಲೆ ನನ್ನತ್ತ ತಿರುಗಿ, "ಇರುವುದು ಎರಡೇ ಸೀಟು. ನೀನು ಬಸ್ಸಿನಲ್ಲಿ ಬಾ, ಕೂಸೇ."