ಉಗಿದು ಬನ್ನಿ ಮಾರಾಯ್ರೆ

ಸಾಗರದ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವ ಸಣ್ಣ ಘಟಕವೊಂದರ ಉಸ್ತುವಾರಿ ನನ್ನದು. ಮಿಡಿ ನನಗೆ ಯಾವತ್ತೂ ತೊಂದರೆ ಕೊಟ್ಟಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಬಂದು ಉಪ್ಪಿಗೆ ಬಿದ್ದರೆ ಚಿರುಟಿಕೊಂಡು ಡ್ರಮ್‌ನಲ್ಲಿ ಸುಮ್ನೆ ಇರುತ್ತದೆ. ತೊಂದರೆ ಏನಿದ್ದರೂ ಹೊರಗಿನಿಂದ ರಿಪೇರಿಗೆ ಬರುವವರದ್ದು.

ನಮ್ಮ ಕೆಲಸದ ಹೆಂಗಸರಿಗೆ ತಲೆಗೆ ಟೋಪಿ, ಕೈಗೆ ಬಳೆ ಇಲ್ಲ, ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ. ಬಾಟಲಿ ಮೇಲೆ ಆಹಾರ ಸುರಕ್ಷತೆಯವರ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಹಾಕಿಕೊಂಡ ಮೇಲೆ ಇವೆಲ್ಲ ಇದ್ದದ್ದೇ. ಆದರೆ ಇಪ್ಪತ್ತು ನಿಮಿಷಕ್ಕೆ ಬಂದು ಹೋಗುವವನಿಗೆ ಯಾವ ಟೋಪಿ? ಅವನ ಚಪ್ಪಲಿ, ಅವನ ಬೀಡಿ, ಅವನ ಸ್ಕ್ರೂಡ್ರೈವರ್ ಎಲ್ಲ ಮಿಡಿಯ ಪಕ್ಕಕ್ಕೇ ಬರುತ್ತವೆ ಅಲ್ವಾ? ಅದಕ್ಕೇ ನಾನು ಒಂದು ರಿಜಿಸ್ಟರ್ ಇಟ್ಟು, ನಿಯಮ ಬರೆದು ಬಾಗಿಲಿಗೆ ಅಂಟಿಸಿದೆ. ಒಂದನೇ ನಿಯಮ, ಕವಳ, ಅಂದರೆ ಎಲೆಅಡಿಕೆ, ಹಾಕಿಕೊಂಡು ಒಳಗೆ ಬರಬಾರದು. ಅಡಿಕೆ ಸೀಮೆಯಲ್ಲಿ ಇದನ್ನು ಬರೆಯುವುದಕ್ಕೆ ಸ್ವಲ್ಪ ಧೈರ್ಯ ಬೇಕು.

ಜೂನ್‌ನಲ್ಲಿ ಹುಳ ಹತೋಟಿಯ ಗುತ್ತಿಗೆಯವನು ಬಂದು ನೊಣ ಹಿಡಿಯುವ ನೀಲಿ ದೀಪ ಹಾಕಿಹೋದ. ಒಳಗೆ ಅಂಟಿನ ಹಾಳೆ ಇರುವ ಒಳ್ಳೇ ದೀಪವೇ. ಚಟ್ ಚಟ್ ಎಂದು ಸುಡುವ ದೀಪವಾದರೆ ಹುಳದ ಕಾಲು, ರೆಕ್ಕೆ ಎಲ್ಲ ಸಿಡಿದು ಮಿಡಿಗೇ ಬೀಳುತ್ತದೆ. ಆದರೆ ಪುಣ್ಯಾತ್ಮ ಅದನ್ನು ಬಾಗಿಲಿಗೆ ಎದುರಾಗಿ ಹಾಕಿದ್ದ. ಸಂಜೆ ಮಳೆ ನಿಂತಿತು. ಊರಿನ ಹುತ್ತಗಳೆಲ್ಲ ಬಾಯಿ ತೆರೆದವು. ರೆಕ್ಕೆ ಬಂದ ಗೆದ್ದಲು ಒಂದೂ ಬಿಡದೆ ನಮ್ಮ ನೀಲಿ ಬೆಳಕು ನೋಡಿ ದಿಬ್ಬಣ ಹೊರಟು ಬಂದವು. ಒಳಗಿನ ನೊಣ ಹಿಡಿಯುವುದಕ್ಕೆ ಹೊರಗಿನ ಹುಳವನ್ನೆಲ್ಲ ಕರೆಸಿದ ಹಾಗಾಯಿತು. ಅವನಿಗೆ ಫೋನ್ ಮಾಡಿದರೆ, "ನೋಡಿ ಸಾರ್, ಎಷ್ಟು ಚೆನ್ನಾಗಿ ಹಿಡೀತಿದೆ!" ಅಂದ.

ಮರುದಿನ ದೀಪ ಜಾಗ ಬದಲಿಸಲು ಎಲೆಕ್ಟ್ರಿಷಿಯನ್ ಬಂದರು. ಬಾಗಿಲಲ್ಲಿ ನಿಂತು ಗದ್ದ ಮೇಲೆತ್ತಿ, "ಎಲ್ಲಿ ಉಂಟು ಗೀಪ?" ಅಂದರು. ದೀಪ ಗೀಪವಾದರೆ ಬಾಯಲ್ಲಿ ಕವಳ ತುಂಬಿದೆ ಎಂದೇ ಅರ್ಥ.

"ಮಾರಾಯ್ರೆ, ಉಗಿದು ಬನ್ನಿ."

ಆಗತಾನೇ ಹಾಕಿದ ಕವಳ. ತೆಂಗಿನ ಬುಡಕ್ಕೆ ಹೋಗಿ ಬೇಜಾರಿನಲ್ಲೇ ಉಗಿದು ಬಂದರು. ರಿಜಿಸ್ಟರ್‌ನಲ್ಲಿ 'ಅಂಟು ಕಾಯಿಲೆ ಏನಾದರೂ ಇದೆಯೇ?' ಎಂಬ ಕಡೆ 'ಶುಗರ್, ಬಿ.ಪಿ.' ಎಂದು ಬರೆದರು. ಟೋಪಿ ಹಾಕಿಸಿ ಏಣಿ ಹತ್ತಿಸಿದೆ.

ಡ್ರಮ್‌ಗಳಿಗೆ ಮುಚ್ಚಳ ಹಾಕಿದ ಮೇಲೆಯೇ ಏಣಿ ಹತ್ತಿಸಬೇಕು ಎಂಬುದು ಐದನೇ ನಿಯಮ. ಬರೆದವನೂ ನಾನೇ, ಮರೆತವನೂ ನಾನೇ.

ದೀಪಕ್ಕೆ ನಾಲ್ಕು ಸ್ಕ್ರೂ. ಕೆಳಗೆ ನಾನು ಹಿಡಿದ ತಟ್ಟೆಗೆ ಟಣ್, ಟಣ್, ಟಣ್. ಆಮೇಲೆ ಸದ್ದಿಲ್ಲ. ಕೆಳಗೆ ನೋಡಿದರೆ ಡ್ರಮ್ ಬಾಯಿ ತೆರೆದು ಕೂತಿದೆ!

"ಅಲ್ಲೇ ಇರಿ, ಅಲ್ಲಾಡಬೇಡಿ!" ಎಂದು ಕೂಗಿದೆ. ಅಲ್ಲಾಡಿದರೆ ದೀಪದೊಳಗಿನ ಗೆದ್ದಲಿನ ದಿಬ್ಬಣವೂ ಮಿಡಿಗೆ ಇಳಿಯುತ್ತದೆ. ಅವರು ದೀಪವನ್ನು ಮಗುವಿನ ಹಾಗೆ ತಬ್ಬಿಕೊಂಡು ನಿಂತರು. ಹೆಂಗಸರು ಇಬ್ಬರು ಡ್ರಮ್ ಎಳೆದು, ಒಂದೊಂದೇ ಮಿಡಿ ತೆಗೆದು, ಉಪ್ಪುನೀರನ್ನು ಜರಡಿಗೆ ಸುರಿಯತೊಡಗಿದರು. ಮೇಲಿನಿಂದ "ಉಂ! ಉಂ!" ಎಂಬ ಸದ್ದು. ನೋಡಿದರೆ ಮತ್ತೆ ಗದ್ದ ಮೇಲೆ.

ನನಗೆ ಪಿತ್ತ ನೆತ್ತಿಗೇರಿತು. "ಮತ್ತೆ ಕವಳ ಹಾಕಿದ್ರಾ? ಏಣಿ ಮೇಲೆ? ಅದೆಂತ ಚಟ ನಿಮ್ಮದು!"

"ಉಂ ಉಂ!"

"ಇಲ್ಲಿ ಒಂದು ಡ್ರಮ್ ಮಿಡಿ ಹಾಳಾಗ್ತಾ ಉಂಟು, ನಿಮಗೆ ಕವಳ! ಉಗೀರಿ ಮೊದಲು!" ಎಂದು ತಟ್ಟೆ ಎತ್ತಿ ಹಿಡಿದೆ.

ಅವರು ಬಗ್ಗಿ ಉಗಿದರು. ಟಣ್.

"ಎರಡು ಕೈಯಲ್ಲಿ ದೀಪ ಹಿಡಿದವನು ನಾಲ್ಕನೇದು ಎಲ್ಲಿ ಇಟ್ಟುಕೊಳ್ಳೋದು ಮಾರಾಯ್ರೆ? ಆವಾಗಿಂದ ಅದನ್ನೇ ಹೇಳ್ತಾ ಇದ್ದೆ. ಯಾವಾಗ್ಲೂ ಬಾಯಲ್ಲಿ ಜಾಗ ಇರೋದಿಲ್ಲ. ಇವತ್ತು ನೀವೇ ಖಾಲಿ ಮಾಡಿಸಿದ್ರಿ."

ಹೆಂಗಸರು ಜರಡಿ ಬಿಟ್ಟು ನಗತೊಡಗಿದರು. ಸುದ್ದಿ ಮಾಲೀಕರಿಗೆ ಹೋಗಿ ಸಂಜೆ ಉಗಿಸಿಕೊಳ್ಳುವ ಸರದಿ ನನ್ನದಾಯಿತು. ರಾತ್ರಿ ರಿಜಿಸ್ಟರ್ ತೆರೆದು ನೋಡಿದೆ. 'ಹೊರಗೆ ಒಯ್ದ ಸಾಮಾನು' ಎಂಬ ಕಡೆ ಅವರು ದುಂಡಗೆ ಬರೆದಿದ್ದರು: ಏಣಿ 1, ಸ್ಕ್ರೂಡ್ರೈವರ್ 2, ಕವಳ ಇಲ್ಲ.