ಸೋಲೋದಕ್ಕೂ ಗಂಟಲು ಬೇಕು

ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ ನಾನು ಹಾಡುತ್ತೇನೆ. ರಫಿ, ಕಿಶೋರ್, ಪಿ.ಬಿ. ಶ್ರೀನಿವಾಸ್ ಎಲ್ಲರನ್ನೂ ಹೇಗೋ ಸಂಭಾಳಿಸಿದ್ದೇನೆ. ಹಿಂದಿ ಸಿನಿಮಾ ಗಾಯಕ ಮನ್ನಾ ಡೇ ಮಾತ್ರ ಕೈಗೆ ಸಿಗುವುದಿಲ್ಲ. ‘ಲಾಗಾ ಚುನರೀ ಮೇ ದಾಗ್’ (ದುಪಟ್ಟಾಕ್ಕೆ ಕಲೆ ಅಂಟಿತು) ಶುರುವೇನೋ ಆಗುತ್ತದೆ. ಕೊನೆಯ ತರಾನಾ, ಅಂದರೆ ಅರ್ಥವಿಲ್ಲದ ಅಕ್ಷರಗಳ ಆ ವೇಗದ ಓಟ, ಬಂತೋ, ಬ್ಲೇಡು ಕೆಳಗಿಡಬೇಕು. ಇಲ್ಲದಿದ್ದರೆ ಗಲ್ಲದ ಮೇಲೇ ದಾಗ್!

ಕೇಳುವಾಗ ಎಷ್ಟು ಸಲೀಸು ಅನಿಸುತ್ತದೆ, ಅಲ್ವಾ? ಅಲ್ಲೇ ನಾವು ಮೋಸ ಹೋಗುವುದು.

1919ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದಾಗ ಮನ್ನಾ ಅವರ ಹೆಸರು ಪ್ರಬೋಧ್ ಚಂದ್ರ ಡೇ. ಬಂಗಾಳಿಗಳಿಗೆ ಶಾಲೆಗೊಂದು ಹೆಸರು, ಮನೆಗೊಂದು ಹೆಸರು. ಇವರ ವಿಷಯದಲ್ಲಿ ಮನೆಯ ಹೆಸರೇ ಗೆದ್ದಿತು. ಚಿಕ್ಕಪ್ಪ ಕೆ.ಸಿ. ಡೇ ಕಣ್ಣು ಕಾಣದ ದೊಡ್ಡ ಗಾಯಕ. ಹುಡುಗ ಅವರ ಹತ್ತಿರ ಸ್ವರ ಕಲಿತ. ಜೊತೆಗೆ ಗೋಬರ್ ಗುಹಾ ಅನ್ನುವ ಹೆಸರಾಂತ ಪೈಲ್ವಾನರ ಹತ್ತಿರ ಕುಸ್ತಿಯನ್ನೂ ಕಲಿತ! 1942ರಲ್ಲಿ ಚಿಕ್ಕಪ್ಪನ ಜೊತೆ ಬೊಂಬಾಯಿಗೆ ಬಂದ ಮೇಲೂ ಉಸ್ತಾದರ ಮನೆಗೆ ಅಲೆಯುವುದು ಬಿಡಲಿಲ್ಲ.

ಇಂಥ ಕುಸ್ತಿಪಟುವೂ ಒಮ್ಮೆ ಅಖಾಡ ಬಿಟ್ಟು ಓಡಲು ಹೊರಟಿದ್ದರು. 1956ರ ‘ಬಸಂತ್ ಬಹಾರ್’ ಸಿನಿಮಾ. ಕತೆ ನಮ್ಮ ತರಾಸು ಅವರ ‘ಹಂಸಗೀತೆ’ಯದು. ಸಂಗೀತ ನಿರ್ದೇಶಕರಾದ ಶಂಕರ್-ಜೈಕಿಶನ್ ಕರೆದು, ‘ಒಂದು ಜುಗಲ್‌ಬಂದಿ ಇದೆ, ನೀವು ನಾಯಕನಿಗೆ ಹಾಡಬೇಕು, ಗೆಲ್ಲಬೇಕು’ ಎಂದರು. ಸರಿ, ಎದುರಿಗೆ ಯಾರು? ಗದಗದ ಕಡೆಯ ಭೀಮಸೇನ ಜೋಶಿ! ಹೆಸರಲ್ಲೇ ಭೀಮಸೇನ. ಯಾವ ಪೈಲ್ವಾನನಿಗೆ ತಾನೇ ಕಾಲು ನಡುಗುವುದಿಲ್ಲ? ಹಾಡು ಮುಗಿಯುವ ತನಕ ಬೊಂಬಾಯಿ ಬಿಟ್ಟು ಎಲ್ಲಾದರೂ ಹೋಗಿಬಿಡೋಣ ಅಂತ ಹೆಂಡತಿಗೆ ಹೇಳಿದರಂತೆ. ಇದನ್ನು ಅವರೇ ನಗುತ್ತಾ ಹೇಳಿಕೊಂಡಿದ್ದಾರೆ. ಸುಲೋಚನಾ ಕೇರಳದವರು, ಗಟ್ಟಿಗಿತ್ತಿ. ಹಾಡಲೇಬೇಕು ಎಂದರು. ಹಾಡಿದರು. ‘ಕೇತಕಿ ಗುಲಾಬ್ ಜೂಹಿ’ ಕೇಳಿದರೆ ಹೆದರಿಕೆಯ ಸುಳಿವೇ ಸಿಗುವುದಿಲ್ಲ.

ಹನ್ನೆರಡು ವರ್ಷ ಕಳೆದು ‘ಪಡೋಸನ್’ ಸಿನಿಮಾ ಬಂತು. ಈ ಸಲ ಆಟವೇ ಉಲ್ಟಾ. ಎದುರಿಗೆ ಕಿಶೋರ್ ಕುಮಾರ್. ಶಾಸ್ತ್ರೀಯ ಪಾಠ ಹೇಳಿಸಿಕೊಂಡವರೇ ಅಲ್ಲ. ಮನ್ನಾ ಹಾಡಬೇಕಾದದ್ದು ಮೆಹಮೂದ್ ಮಾಡಿದ ಮದರಾಸಿ ಸಂಗೀತ ಮೇಷ್ಟ್ರಿಗೆ. ಮೇಷ್ಟ್ರು ಸೋಲಬೇಕು!

ಗೆದ್ದದ್ದಕ್ಕಿಂತ ಆ ಸೋಲೇ ನನಗೆ ದೊಡ್ಡದು ಅನಿಸುತ್ತದೆ. ಸುಮ್ನೆ ಬೇಸುರ ಹಾಡಿದರೆ ಅದು ಸೋಲಲ್ಲ, ಕಿರಿಕಿರಿ. ಮೇಷ್ಟ್ರಿಗೆ ವಿದ್ಯೆ ಇದೆ ಅಂತಲೂ ಗೊತ್ತಾಗಬೇಕು, ಕಿಶೋರನ ಕಪಿಚೇಷ್ಟೆಗೆ ಆ ವಿದ್ಯೆ ಕಂಗಾಲಾದದ್ದೂ ಕೇಳಿಸಬೇಕು. ತಾಳದಲ್ಲೇ ಇದ್ದು ತಾಳ ತಪ್ಪಿದವನ ಹಾಗೆ ತಡಬಡಿಸಬೇಕು. ತಬ್ಬಿಬ್ಬಾಗುವುದು ನನಗೂ ಬರುತ್ತದೆ, ಆದರೆ ನನಗೆ ನಿಜವಾಗಿಯೂ ತಾಳ ತಪ್ಪಿರುತ್ತದೆ.

ರಾಜ್ ಕಪೂರ್‌ಗೆ ಕೊಡೆಯಡಿಯ ‘ಪ್ಯಾರ್ ಹುವಾ’ ಹಾಡಿದ ಗಂಟಲು ಅದು. ಆದರೂ ಅವರ ಪಾಲಿಗೆ ಜಾಸ್ತಿ ಬಂದದ್ದು ಹರೆಯದ ನಾಯಕರಲ್ಲ, ಬೇರೆಯವರೇ: ‘ವಕ್ತ್’ನಲ್ಲಿ ನರೆತ ಕೂದಲಿನ ಗಂಡ, ‘ಕಾಬೂಲಿವಾಲಾ’ದಲ್ಲಿ ಊರಿಗಾಗಿ ಕೊರಗುವ ಪಠಾಣ. ಹೊಟ್ಟೆ ಉರಿಯುತ್ತದೆ. ಆದರೆ ಆ ಪಠಾಣನ ಹಾಡನ್ನು ಬೇರೆ ಯಾರಾದರೂ ಹಾಡಿದ್ದರೆ ಅಂದುಕೊಂಡರೆ ಉರಿ ತಣ್ಣಗಾಗುತ್ತದೆ.

ಕೊನೆಗಾಲದಲ್ಲಿ ಅವರು ನಮ್ಮ ಬೆಂಗಳೂರಿನ ಕಲ್ಯಾಣನಗರದಲ್ಲಿದ್ದರು. 2012ರಲ್ಲಿ ಸುಲೋಚನಾ ಹೋದರು. ಮರುವರ್ಷ ಅಕ್ಟೋಬರ್ 24ಕ್ಕೆ, 94ನೇ ವಯಸ್ಸಿನಲ್ಲಿ, ಅವರೂ ಹೋದರು. ಅಂತ್ಯಕ್ರಿಯೆ ಹೆಬ್ಬಾಳದಲ್ಲೇ ಆಯಿತು. ಆ ರಸ್ತೆಗಳಲ್ಲಿ ಟ್ರಾಫಿಕ್‌ಗೆ ಬೈಯುತ್ತಾ ಎಷ್ಟು ಸಲ ಓಡಾಡಿದ್ದೇನೋ. ಯಾವುದೋ ಮನೆಯ ಕಿಟಕಿಯಿಂದ ಹಾರ್ಮೋನಿಯಂ ಕೇಳಿಸಿದ್ದರೂ ಹಾರ್ನ್ ಹೊಡೆದುಕೊಂಡು ಮುಂದೆ ಹೋಗಿರುತ್ತೇನೆ.

ನಿನ್ನೆ ಮತ್ತೆ ತರಾನಾಕ್ಕೆ ಕೈ ಹಾಕಿದೆ. ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಲೆಕ್ಕ ಸಿಗ್ತಿಲ್ಲ. ಸ್ವಲ್ಪ ನಿಲ್ಲಿಸ್ತೀರಾ?”