ನಕ್ಷತ್ರ ಕೊಟ್ಟು ಪಿಜ್ಜಾ ತಿನ್ನಿ

ಮೇಲಂಗುಳಿನ ಚರ್ಮ ಸುಲಿದಿದೆ. ನಾಲಿಗೆಗೆ ಬೆಳಗಿನಿಂದ ಬೇರೆ ಕೆಲಸವೇ ಇಲ್ಲ. ಕ್ಷಣಕ್ಕೊಮ್ಮೆ ಅಲ್ಲಿಗೇ ಹೋಗಿ ಸವರಿ, ಉರಿಯುತ್ತಿದೆ ಎಂದು ಖಾತ್ರಿ ಮಾಡಿಕೊಂಡು ಬರುತ್ತಿದೆ. ಪಿಜ್ಜಾ ತಿಂದು ಹೀಗಾಯಿತು ಎಂದು ಮನೆಯವರೆಲ್ಲ ತೀರ್ಪು ಕೊಟ್ಟಾಗಿದೆ. ನಾನು ಒಪ್ಪುವುದಿಲ್ಲ. ಬಿಸಿಯಾಗಿರುವುದು ಪಿಜ್ಜಾದ ಧರ್ಮ. ಹೀಗಾದದ್ದು, ಮೊದಲ ತುತ್ತು ಬಾಯಿಗಿಟ್ಟ ಗಳಿಗೆಯನ್ನೇ ಆರಿಸಿಕೊಂಡು ಬಂದು ನಿಂತು "ಮೇಡಂ, ಹೇಗಿದೆ?" ಎಂದು ಕೇಳಿದ ಆ ಹುಡುಗನಿಂದ.

ಆ ಹುಡುಗ ನಿಮಗೂ ಗೊತ್ತು. ಪಿಜ್ಜಾ ರೆಸ್ಟೋರೆಂಟ್ ಯಾವುದೇ ಇರಲಿ, ಅವನೊಬ್ಬ ಇದ್ದೇ ಇರುತ್ತಾನೆ. ನೀರು ಬೇಕೆಂದು ಕೈ ಎತ್ತಿದರೆ ಅವನ ದೃಷ್ಟಿ ಸೀಲಿಂಗ್ ಫ್ಯಾನಿನ ಮೇಲಿರುತ್ತದೆ. ಚಮಚ ಬಿದ್ದಾಗ ಅವನಿಲ್ಲ, ಬಿಲ್ ಕೇಳಿದಾಗ ಅವನಿಲ್ಲ. ನಿಮ್ಮ ಬಾಯಿ ತುಂಬಿದೆ ಎಂಬ ಸುಳಿವು ಸಿಕ್ಕಿತೋ, ಎಲ್ಲಿದ್ದರೂ ಪ್ರತ್ಯಕ್ಷ.

ಇರಲಿ, ಪಿಜ್ಜಾ ಬರುವವರೆಗಿನ ಕಥೆ ಹೇಳಿ ಮುಗಿಸುತ್ತೇನೆ, ಅದೂ ಸಣ್ಣದಲ್ಲ. "ಹತ್ತೇ ನಿಮಿಷ ಮೇಡಂ" ಎಂದ. ಇಟಲಿಯ ನೇಪಲ್ಸ್‌ನಲ್ಲಿ ಕಟ್ಟಿಗೆ ಒಲೆಯ ಪಿಜ್ಜಾ ಸುಮಾರು 430ರಿಂದ 480 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯುತ್ತದೆ. 60ರಿಂದ 90 ಸೆಕೆಂಡಿನೊಳಗೆ ಕೆಲಸ ಮುಗಿದಿರುತ್ತದೆ. ಅಲ್ಲಿನ ಪಿಜ್ಜಾ ಬಾಣಸಿಗರ ಕಲೆಯನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಕುಳಿತ ಕಡೆಯೂ ಅಮೂರ್ತವಾದದ್ದೊಂದು ಇತ್ತು, ನಮ್ಮ ಪಿಜ್ಜಾ. ಅದು ಮೂರ್ತರೂಪ ತಾಳುವ ಲಕ್ಷಣವೇ ಕಾಣಲಿಲ್ಲ. ನಮಗಿಂತ ತಡವಾಗಿ ಬಂದ ಪಕ್ಕದ ಮೇಜಿನವರಿಗೆ ಮೊದಲು ಬಂತು. ಕೇಳಿದರೆ, "ಅವರದು ತೆಳು ಮೇಡಂ, ಬೇಗ ಬೇಯುತ್ತದೆ" ಎಂದ. ಅವರಿಗಿಂತ ತಡವಾಗಿ ಬಂದ ಇನ್ನೊಂದು ಮೇಜಿಗೆ ದಪ್ಪನೆಯದು ಹೋಯಿತು. "ಅವರದು ದಪ್ಪ ಮೇಡಂ, ಅದಕ್ಕೇ ಬೇಗ ಹಾಕಿದೆವು." ನಮ್ಮದು ತೆಳುವೂ ಅಲ್ಲ, ದಪ್ಪವೂ ಅಲ್ಲ. ಮಧ್ಯಮರಿಗೆ ಎಲ್ಲಿಯೂ ನ್ಯಾಯವಿಲ್ಲ.

ಕಾಯುವ ಹೊತ್ತಿಗೆ ಓದಲು ಏನಾದರೂ ಬೇಕಲ್ಲ. ಮೇಜಿನ ಮೇಲೆ ಒಂದು ಫಲಕ: "ನಿಮ್ಮ ಅನುಭವ ಹಂಚಿಕೊಳ್ಳಿ." ಅನುಭವ ಇನ್ನೂ ಒವನ್‌ನಲ್ಲಿತ್ತು. ಹಾಗಾಗಿ ಫಲಕದ ಮೇಲಿನ ಕೋಡನ್ನು ಮೊಬೈಲಿಗೆ ತೋರಿಸಿ, ಬೇರೆಯವರ ಅನುಭವ ಓದುತ್ತ ಕುಳಿತೆ. ಒಬ್ಬ ಮಹಾನುಭಾವರು ಒಂದೇ ನಕ್ಷತ್ರ ಕೊಟ್ಟಿದ್ದರು: ಕಾರು ನಿಲ್ಲಿಸಲು ಜಾಗ ಸಿಗಲಿಲ್ಲವಂತೆ. ಪಿಜ್ಜಾ ಬಗ್ಗೆ ಚಕಾರವಿಲ್ಲ. ಇನ್ನೊಬ್ಬರು ಐದು ಕೊಟ್ಟು, "ಇನ್ನೂ ಹೋಗಿಲ್ಲ, ಫೋಟೊ ಚೆನ್ನಾಗಿವೆ" ಎಂದಿದ್ದರು. ಪಿಜ್ಜಾ ತಣ್ಣಗಿತ್ತು ಎಂದು ಒಬ್ಬರು ಎರಡು ನಕ್ಷತ್ರ ಕೊಟ್ಟಿದ್ದರೆ, ಅದರ ಕೆಳಗೇ ಮತ್ತೊಬ್ಬರು ಬಾಯಿ ಸುಟ್ಟಿತು ಎಂದು ಎರಡು ಕೊಟ್ಟಿದ್ದರು. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿದ್ದರೆ ಸಮಸ್ಯೆ ಅಲ್ಲಿಗೇ ಬಗೆಹರಿಯುತ್ತಿತ್ತು. "ಜಾಗ ಚೆನ್ನಾಗಿದೆ, ಆದರೆ ನನ್ನ ಮಾಜಿ ಗೆಳತಿ ಅಲ್ಲಿಗೆ ಬರುತ್ತಾಳೆ, ಮೂರು ನಕ್ಷತ್ರ" ಎಂದು ಬರೆದವನ ಬಗ್ಗೆ ಮಾತ್ರ ನನಗೆ ನಿಜವಾದ ಮರುಕ ಹುಟ್ಟಿತು.

ಇದಕ್ಕೂ ಮೊದಲು, ಆರ್ಡರ್ ಕೊಡುವಾಗಲೇ ನಮ್ಮ ಮೇಜಿನಲ್ಲಿ ಅನಾನಸಿನ ಜಗಳ ನಡೆದಿತ್ತು. ಮಗಳಿಗೆ ಪಿಜ್ಜಾ ಮೇಲೆ ಅನಾನಸ್ ಇರಲೇಬೇಕು. ನಮ್ಮವರಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. 1962ರಲ್ಲಿ ಕೆನಡಾದಲ್ಲಿ ರೆಸ್ಟೋರೆಂಟ್ ನಡೆಸುತ್ತಿದ್ದ ಸ್ಯಾಮ್ ಪನೊಪುಲೋಸ್ ಎಂಬ ಗ್ರೀಕ್ ವಲಸಿಗ, ಹೇಗಿರುತ್ತದೋ ನೋಡೋಣ ಎಂದು ಡಬ್ಬಿಯ ಅನಾನಸನ್ನು ಪಿಜ್ಜಾ ಮೇಲೆ ಸುರಿದ. ಅಂದಿನಿಂದ ಸಂಸಾರಗಳಲ್ಲಿ ನೆಮ್ಮದಿಯಿಲ್ಲ. 2017ರಲ್ಲಿ ಐಸ್‌ಲ್ಯಾಂಡಿನ ಅಧ್ಯಕ್ಷರು ಶಾಲಾ ಮಕ್ಕಳೆದುರು, ತಮ್ಮ ಕೈಲಾದರೆ ಇದನ್ನು ನಿಷೇಧಿಸುತ್ತಿದ್ದೆ ಎಂದು ತಮಾಷೆಗೆ ಹೇಳಿದರು. ಅದು ಲೋಕವೆಲ್ಲ ಸುದ್ದಿಯಾದ ಮೇಲೆ, ಅಂಥ ಅಧಿಕಾರ ತಮಗಿಲ್ಲ ಎಂದು ಸ್ಪಷ್ಟೀಕರಣ ಕೊಡಬೇಕಾಯಿತು. ನಮ್ಮವರಿಗೂ ಇಲ್ಲ. ಆದ್ದರಿಂದ ಅರ್ಧಕ್ಕೆ ಅನಾನಸ್, ಅರ್ಧಕ್ಕೆ ಬೇಡ ಎಂದು ರಾಜಿಯಾಯಿತು. ಹುಡುಗ ಬರೆದುಕೊಂಡ, ಎರಡು ಸಲ ಓದಿಯೂ ಹೇಳಿದ.

ಕೊನೆಗೂ ಬಂತು. ನೋಡಲು ಹೆಸರಿಡುವಂತಿರಲಿಲ್ಲ. ಅಂಚು ಉಬ್ಬಿತ್ತು, ಅಲ್ಲಲ್ಲಿ ಕಂದು ಗುಳ್ಳೆ ಎದ್ದಿತ್ತು, ನಡುವೆ ಚೀಸ್ ಇನ್ನೂ ಕೊತಕೊತ ಎನ್ನುತ್ತಿತ್ತು. ಅನಾನಸೂ ಅರ್ಧಕ್ಕೇ ಇತ್ತು. ಆದರೆ ಹೇಗೆ ಅರ್ಧ? ಪ್ರತಿ ತುಂಡಿನ ಹೊರಗಿನ ಅರ್ಧಕ್ಕೆ. ಪಿಜ್ಜಾ ಸುತ್ತ ಬೇಲಿ ಹಾಕಿದಂತೆ ಅನಾನಸ್ಸನ್ನು ಜೋಡಿಸಿದ್ದ ಬಾಣಸಿಗನ ಶ್ರದ್ಧೆಯನ್ನು ನೋಡಿ ನಮ್ಮವರಿಗೆ ಮಾತೇ ಹೊರಡಲಿಲ್ಲ. ಅವರು ತುದಿಯಿಂದ ನಡುವಿನವರೆಗೆ ತಿಂದು ಉಳಿದದ್ದನ್ನು ಮಗಳಿಗೆ ದಾಟಿಸತೊಡಗಿದರು. ನಾನು ನನ್ನ ತುಂಡು ಎತ್ತಿಕೊಂಡೆ.

ಇಲ್ಲಿ ಒಂದಿಷ್ಟು ವಿಜ್ಞಾನ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಅವಸ್ಥೆ ನಿಮಗೆ ಅರ್ಥವಾಗುವುದಿಲ್ಲ. ಮೊಝರೆಲ್ಲಾ ಚೀಸಿನಲ್ಲಿ ಕೇಸಿನ್ ಎಂಬ ಪ್ರೋಟೀನಿನ ಎಳೆಗಳಿರುತ್ತವೆ. ಕ್ಯಾಲ್ಸಿಯಂ ಅವುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುತ್ತದೆ. ಶಾಖಕ್ಕೆ ಆ ಹಿಡಿತ ಸಡಿಲವಾಗುತ್ತದೆಯೇ ಹೊರತು ಪೂರ್ತಿ ಬಿಟ್ಟುಹೋಗುವುದಿಲ್ಲ. ಅದಕ್ಕೇ ಚೀಸ್ ತುಂಡಾಗದೆ ಎಳೆದಷ್ಟೂ ಬರುತ್ತದೆ. ಕೆಳಗಿನ ಟೊಮೆಟೊ ಸಾಸ್‌ನಲ್ಲಿ ನೀರೇ ಹೆಚ್ಚು. ನೀರಿಗೆ ಬಿಸಿ ಹಿಡಿದಿಟ್ಟುಕೊಳ್ಳುವ ಹಟ ಜಾಸ್ತಿ, ಸಾಲದ್ದಕ್ಕೆ ಮೇಲೆ ಚೀಸಿನ ಮುಚ್ಚಳ. ತಳ ಆರಿದೆ ಎಂದು ಬೆರಳು ಹೇಳುತ್ತದೆ, ಸಾಸ್ ಆರಿಲ್ಲ ಎಂದು ಅಂಗುಳು ಹೇಳುತ್ತದೆ. ಬೆರಳಿನ ವರದಿ ಮೊದಲು ಬರುತ್ತದೆ ಎಂಬುದೇ ತೊಂದರೆ.

ಕಚ್ಚಿದೆ. ಕೈಯನ್ನು ಹಿಂದಕ್ಕೆ ತಂದೆ. ಬಾಯಿಂದ ತಟ್ಟೆಯವರೆಗೆ ಚೀಸಿನದೊಂದು ತೂಗುಸೇತುವೆ ನಿರ್ಮಾಣವಾಯಿತು. ಒಳಗೆ ಸಾಸ್ ತನ್ನ ಕೆಲಸ ಆರಂಭಿಸಿತು. ಆಗ ಮೇಜಿನ ಮೇಲೆ ನೆರಳು ಬಿತ್ತು.

"ಮೇಡಂ, ಹೇಗಿದೆ?"

ಉಗುಳುವಂತಿಲ್ಲ, ನುಂಗುವಂತಿಲ್ಲ, ಬಾಯಿ ತೆರೆಯುವಂತೆಯೂ ಇಲ್ಲ. "ಹೂಂ" ಎಂದೆ.

"ಏನು ಮೇಡಂ?"

ತಲೆ ಆಡಿಸಿದೆ. ಸೇತುವೆಯೂ ಆಡಿತು.

"ಖಾರ ಕಡಿಮೆಯಾಯಿತೇ ಮೇಡಂ?" ಎಂದು ಜೇಬಿನಿಂದ ಮೆಣಸಿನ ಚೂರಿನ ನಾಲ್ಕಾರು ಪೊಟ್ಟಣ ತೆಗೆದು ತಟ್ಟೆಯ ಪಕ್ಕ ಸುರಿದ. ನನ್ನ ಕಣ್ಣಲ್ಲಿ ನೀರು ಬಂತು. ನೀರು, ನೀರು ಎಂದು ಎದುರಿನ ಜಗ್ಗಿನತ್ತ ಬೆರಳು ತೋರಿಸಿದೆ. ಅವನು ಬೆರಳು ತೋರಿದ ದಿಕ್ಕನ್ನೇ ಶ್ರದ್ಧೆಯಿಂದ ಅನುಸರಿಸಿದ, ಜಗ್ಗನ್ನು ದಾಟಿ, ಗೋಡೆಯ ಮೇಲಿದ್ದ ಜಾಹೀರಾತನ್ನು ತಲುಪಿದ.

"ಗಾರ್ಲಿಕ್ ಬ್ರೆಡ್ ಮೇಡಂ? ಒಂದು ತರಲೇ?"

ಜೋರಾಗಿ ಅಡ್ಡಡ್ಡ ತಲೆಯಾಡಿಸಿದೆ.

"ಎರಡೇ?" ಎಂದು ಕೇಳಿ, ನಾನು ಮೇಜು ಗುದ್ದಿದ್ದನ್ನು ಸಮ್ಮತಿ ಎಂದು ತಿಳಿದು ಹೊರಟೇಹೋದ.

ಇಷ್ಟೂ ಹೊತ್ತು ನನ್ನ ಕುಟುಂಬ ಏನು ಮಾಡುತ್ತಿತ್ತು ಎಂದು ಕೇಳಬೇಡಿ. ನಮ್ಮವರು ಅನಾನಸಿನ ಗಡಿ ಗುರುತಿಸುತ್ತಿದ್ದರು. ಮಗಳು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದಳು. ತಮ್ಮ ತುಂಡನ್ನು ಚಾಕುವಿನಿಂದ ಚೂರು ಚೂರು ಮಾಡಿ, ಊದಿ ಊದಿ ಆರಿಸಿಕೊಂಡು ತಿನ್ನುತ್ತಿದ್ದ ಅತ್ತೆ, "ನಿಧಾನವಾಗಿ ತಿನ್ನಬಾರದೇನಮ್ಮ, ಯಾರು ಕಿತ್ತುಕೊಳ್ಳುತ್ತಾರೆ?" ಎಂದರು.

ಗಾರ್ಲಿಕ್ ಬ್ರೆಡ್ ಬಂತು, ಎರಡೂ. ಅವು ಬಹಳ ಚೆನ್ನಾಗಿದ್ದವು ಎಂಬುದೇ ನನಗೆ ಇಂದಿಗೂ ಅರಗದ ವಿಷಯ. ಅತ್ತೆ ಇನ್ನೊಂದು ತರಿಸೋಣವೇ ಎಂದು ಕೇಳಿದರು.

ಬಿಲ್ಲಿನ ಜೊತೆ ಅವನು ಮತ್ತೆ ಬಂದ. ದುಡ್ಡು ಕೊಟ್ಟ ಮೇಲೂ ಹೋಗಲಿಲ್ಲ. "ಐದು ನಕ್ಷತ್ರ ಕೊಡಿ ಮೇಡಂ" ಎಂದು ಫಲಕವನ್ನು ನನ್ನತ್ತ ತಿರುಗಿಸಿದ. ಪರೀಕ್ಷೆಯ ಕೊಠಡಿಯಲ್ಲಿ ಮೇಷ್ಟ್ರು ಬೆನ್ನ ಹಿಂದೆ ನಿಂತರೆ ಉತ್ತರ ಮರೆಯುವ ನನ್ನ ಹಳೆಯ ರೋಗ ಮರುಕಳಿಸಿತು.

"ನಾಲ್ಕು ಕೊಟ್ಟರೆ ಏನಾಗುತ್ತದೆ?" ಎಂದೆ. ಬಾಯಿ ಆಗಷ್ಟೇ ಸ್ವಾಧೀನಕ್ಕೆ ಬಂದಿತ್ತು.

"ಐದು ಏಕೆ ಬರಲಿಲ್ಲ ಎಂದು ನಮ್ಮನ್ನು ಕೇಳುತ್ತಾರೆ ಮೇಡಂ. ಹೋಗಿ ಹೋಗಿ 'ಹೇಗಿದೆ' ಎಂದು ವಿಚಾರಿಸದಿದ್ದರೂ ಕೇಳುತ್ತಾರೆ. ಅಲ್ಲಿಂದ ನೋಡುತ್ತಿರುತ್ತಾರೆ" ಎಂದು ಕಣ್ಣಲ್ಲೇ ಕ್ಯಾಶ್ ಕೌಂಟರಿನ ಕಡೆ ತೋರಿಸಿದ.

ಆಗ ಮೊದಲ ಬಾರಿಗೆ ಅವನನ್ನು ಸರಿಯಾಗಿ ನೋಡಿದೆ. ತೋಳಿನ ತುದಿಗೆ ಹಿಟ್ಟು ಮೆತ್ತಿಕೊಂಡಿತ್ತು, ಶೂಗಳ ಹಿಮ್ಮಡಿ ಒಂದೇ ಕಡೆಗೆ ಸವೆದಿತ್ತು. "ನಿನ್ನ ಊಟವಾಯಿತೇನಪ್ಪಾ?" ಎಂದೆ. "ಮುಚ್ಚಿದ ಮೇಲೆ ಮೇಡಂ" ಎಂದ. ಪಿಜ್ಜಾ ತಿನ್ನುತ್ತೀಯೇನು ಎಂದದ್ದಕ್ಕೆ, ಆ ಇಡೀ ಸಂಜೆಯಲ್ಲಿ ಒಮ್ಮೆ ಮಾತ್ರ ನಿಜವಾಗಿ ನಕ್ಕ. ಊಟ ಹೇಗಿತ್ತು ಎಂದು ಯಾರೂ ಕೇಳದ ಕಾಲವೊಂದಿತ್ತು. ಬಡಿಸುವವರು ಖಾಲಿ ತಟ್ಟೆ ಎತ್ತುವಾಗ ಅದನ್ನೊಮ್ಮೆ ನೋಡುತ್ತಿದ್ದರು, ನಮ್ಮ ಮುಖವನ್ನೊಮ್ಮೆ ನೋಡುತ್ತಿದ್ದರು. ಇಬ್ಬರಿಗೂ ಗೊತ್ತಾಗುತ್ತಿತ್ತು.

ಈಗ ಇರುವುದು ಐದು ನಕ್ಷತ್ರಗಳ ಒಂದೇ ಸಾಲು. ಒವನ್ ತಡ ಮಾಡಿದ್ದಕ್ಕೆ, ಅನಾನಸಿನ ಬೇಲಿಗೆ, ಕೌಂಟರಿನಲ್ಲಿ ಕುಳಿತು ಕಣ್ಣು ಬಿಡುವವರಿಗೆ ಬೇರೆ ಬೇರೆ ಸಾಲು ಕೊಟ್ಟಿದ್ದರೆ ನಾನು ನ್ಯಾಯವಾಗಿ ಹಂಚುತ್ತಿದ್ದೆ. ಎಲ್ಲರ ಪಾಪವನ್ನೂ ಒಟ್ಟುಮಾಡಿ, ನೀರಿನ ಜಗ್ಗನ್ನು ಗುರುತಿಸಲಾರದ ಒಬ್ಬ ಹುಡುಗನ ತಲೆಗೆ ಕಟ್ಟುವ ಏರ್ಪಾಟು ಇದು. ಮನೆಗೆ ಹೋಗಿ ಕೊಡುತ್ತೇನೆ ಎಂದು ಎದ್ದೆ.

ಉಳಿದ ಎರಡು ತುಂಡುಗಳನ್ನು ಡಬ್ಬಿಗೆ ಹಾಕಿಸಿಕೊಂಡಿದ್ದೆವು. ಬೆಳಿಗ್ಗೆ ತೆರೆದರೆ, ಚೀಸ್ ಪೂರ್ತಿ ಮುಚ್ಚಳಕ್ಕೆ ಅಂಟಿ, ತುಂಡುಗಳು ಬೋಳಾಗಿ ಮಲಗಿದ್ದವು. ಮುಚ್ಚಳ ಕುಸಿಯದಂತೆ ಪಿಜ್ಜಾ ನಡುವೆ ನಿಲ್ಲಿಸುವ ಪುಟ್ಟ ಮೂರು ಕಾಲಿನ ಪ್ಲಾಸ್ಟಿಕ್ ಇರುತ್ತದಲ್ಲ, ಅಮೆರಿಕದ ಕಾರ್ಮೆಲಾ ವಿಟಾಲೆ ಎಂಬ ಮಹಿಳೆ 1985ರಲ್ಲೇ ಪೇಟೆಂಟ್ ಪಡೆದದ್ದು, ಅದನ್ನು ಇಟ್ಟಿರಲಿಲ್ಲ. ಉಳಿತಾಯ.

ಸಿಟ್ಟಿನಲ್ಲೇ ಮೊಬೈಲ್ ತೆಗೆದೆ. ಹುಡುಗನ ಮುಖ ನೆನಪಾಗಿ ಐದೂ ನಕ್ಷತ್ರ ಒತ್ತಿದೆ. ಕೆಳಗೆ ಜಾಗ ಇತ್ತಲ್ಲ, ಅಲ್ಲಿ ಬಿಡಲಿಲ್ಲ. ಪಿಜ್ಜಾ ತಡವಾದದ್ದು, ಅನಾನಸ್ ದಿಕ್ಕು ತಪ್ಪಿದ್ದು, ಬಾಯಿ ಸುಟ್ಟದ್ದು, ಕೇಳದ ಗಾರ್ಲಿಕ್ ಬ್ರೆಡ್ ತಂದು ಬಿಲ್ ಹಾಕಿದ್ದು, ಗಿರಾಕಿ ಅಗಿಯುವಾಗ ಮಾತನಾಡಿಸಲು ಹುಡುಗರನ್ನು ಅಟ್ಟುವುದನ್ನು ನಿಲ್ಲಿಸಿ ಎಂಬುದು, ಎಲ್ಲವನ್ನೂ ವಿವರವಾಗಿ ಬರೆದೆ. ಕಳುಹಿಸಿ ಫೋನ್ ಕೆಳಗಿಡುವಷ್ಟರಲ್ಲಿ ರೆಸ್ಟೋರೆಂಟಿನಿಂದ ಉತ್ತರ ಬಂತು:

"ನಿಮ್ಮ ಪ್ರೀತಿಯ ಮಾತುಗಳಿಗೆ ಧನ್ಯವಾದಗಳು! ನಮ್ಮ ಗಾರ್ಲಿಕ್ ಬ್ರೆಡ್ ನಿಮಗೆ ಇಷ್ಟವಾದದ್ದು ಸಂತೋಷ. ಮತ್ತೆ ಬನ್ನಿ."